ಮಕ್ಕಳನ್ನು ಕಂಡರೆ ಗುರ್ ಅನ್ನುತ್ತಿದ್ದ ನಾಯಿ ಸರಿಹೋದದ್ದು ಹೀಗೆ

ಹುಬ್ಬಳ್ಳಿಯ ಉಣಕಲ್ ಕೆರೆ ಹತ್ತಿರ ಸಿಕ್ಕ ಹೆಣ್ಣು ನಾಯಿ. ದೊಡ್ಡವರ ಜೊತೆ ಬಲು ಸಾಧು. ಆದರೆ ಆರು ವರ್ಷದ ಮಗಳು ಓಡಿದರೆ, ಇಲ್ಲಾ ಕೈಯಲ್ಲಿ ರೊಟ್ಟಿ ಹಿಡಿದು ಪಡಸಾಲೆಗೆ ಬಂದರೆ, ಮೈ ಸೆಟೆದು ತುಟಿ ಎತ್ತಿ ಗುರ್ ಅನ್ನುತ್ತಿತ್ತು. ಒಮ್ಮೆ ಫ್ರಾಕಿನ ಅಂಚು ಹಿಡಿದು ಎಳೆದೇಬಿಟ್ಟಿತು.

ಪೇಪರ್ ಸುತ್ತಿ ಹೊಡೆದೆ. ಗುರ್ ಅನ್ನೋದು ನಿಂತಿತು, ಸೀದಾ ಬಾಯಿ ಹಾಕೋದು ಶುರುವಾಯಿತು. ಗುರ್ ಅನ್ನೋದು ಎಚ್ಚರಿಕೆ, ಅದನ್ನೇ ಬಾಯಿ ಮುಚ್ಚಿಸಿದ್ದೆ ನಾನು. ಹಿತ್ತಲಲ್ಲಿ ಕಟ್ಟಿದರೆ ಇನ್ನೂ ಜಾಸ್ತಿ. ಮಗಳ ಕೈಯಿಂದ ಬಿಸ್ಕಿಟ್ ಕೊಡಿಸೋದಂತೂ ಬೇಡವೇ ಬೇಡ, ಅವಳು ಹತ್ತಿರ ಬರೋದೇ ಅದಕ್ಕೆ ಭಯ ಅಲ್ವಾ?

ಮೊದಲು ಡಾಕ್ಟರಿಗೆ ತೋರಿಸಿ. ನಮ್ಮದಕ್ಕೆ ಕಿವಿಯಲ್ಲಿ ಕೀವು ಇತ್ತು, ಔಷಧಿ ಹಾಕಿ ಅದು ವಾಸಿಯಾದ ಮೇಲೆಯೇ ಈ ಅಭ್ಯಾಸ ಶುರು ಮಾಡಿದೆ.

ನಾಯಿಗೆ ಹಗ್ಗ, ಹಗ್ಗ ನನ್ನ ಕೈಯಲ್ಲಿ. ಮಗಳು 15 ಅಡಿ ದೂರದಲ್ಲಿ ಕುರ್ಚಿ ಮೇಲೆ, ನಾಯಿಯನ್ನು ನೋಡದೆ ಸುಮ್ನೆ ಚಿತ್ರ ಬರೆಯುತ್ತಾ ಕೂತಿರಬೇಕು. ನಾಯಿ ಅವಳನ್ನು ನೋಡಿದ ಕೂಡಲೇ, ಗುರ್ ಅನ್ನೋ ಮೊದಲೇ, ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರು ಬಾಯಿಗೆ. ಉಪ್ಪು, ಈರುಳ್ಳಿ ಹಾಕಬೇಡಿ. ಮಗಳು ಒಳಗೆ ಹೋದಳೋ, ಕೋಳಿ ಬಂದ್. ಈ ಕ್ರಮ ತಪ್ಪಬಾರದು: ಮೊದಲು ಮಗು, ಆಮೇಲೆ ಕೋಳಿ. ನಾನು ಒಂದು ವಾರ ಉಲ್ಟಾ ಮಾಡಿ ಹಾಳು ಮಾಡಿಕೊಂಡೆ.

ದಿನಕ್ಕೆ ಎರಡು ಸಲ, 5 ನಿಮಿಷ. ಮಗಳನ್ನು ಕಂಡು ಅದು ನನ್ನ ಕೈ ಕಡೆ ತಿರುಗಿ ಬಾಲ ಆಡಿಸಿದರೆ ಮಾತ್ರ ಒಂದು ಅಡಿ ಹತ್ತಿರ. ಸೆಟೆದರೆ ಮೂರಡಿ ಹಿಂದೆ. 4 ಅಡಿಗೆ ಬರಲು ಎರಡು ತಿಂಗಳು ಹಿಡಿಯಿತು.

ನಾಯಿ ಉಣ್ಣುವಾಗ, ಮಲಗಿದಾಗ ಮಗಳು ಹತ್ತಿರ ಹೋಗುವಂತಿಲ್ಲ. ನಾನಿಲ್ಲದಾಗ ಇಬ್ಬರ ನಡುವೆ ಕಟ್ಟಿಗೆಯ ಗೇಟು, ಇವತ್ತಿಗೂ.