ಮುಧೋಳ ನಾಯಿಗೆ ಲೀಷ್‌ನಲ್ಲಿ ನಡೆಯಲು ಕಲಿಸಿದ್ದು

ಮುಧೋಳ ಕಣ್ಣಿಂದ ಬೇಟೆ ಹುಡುಕುವ ತಳಿ. ದೂರದಲ್ಲಿ ಏನೋ ಸರಿದಾಡಿದರೂ ಸಾಕು, ಓಡಬೇಕು ಅನ್ನಿಸುತ್ತೆ. ಬಾಗಲಕೋಟೆ ಕಡೆಯ ಹೊಲಗಳಲ್ಲಿ ಮೊಲ ಅಟ್ಟುತ್ತಿದ್ದ ಈ ತಳಿಗೆ ಮೈಸೂರಿನ ಬೀದಿಯಲ್ಲಿ ನಿಧಾನ ನಡೆ ಅಂದರೆ ಕಷ್ಟ ಅಲ್ವಾ? ನಮ್ಮ ಚಿನ್ನಿ ಮನೆಗೆ ಬಂದಾಗ ನಾನು ಕಲಿಸಿದ ರೀತಿ ಇದು.

ಮುಧೋಳದ ತಲೆ ಸಪೂರ, ಕತ್ತು ಉದ್ದ. ಹಿಂದಕ್ಕೆ ಜಗ್ಗಿದರೆ ಮಾಮೂಲಿ ಬೆಲ್ಟ್ ಕಿವಿ ದಾಟಿ ಕಳಚಿಕೊಳ್ಳುತ್ತದೆ. ಆಮೇಲೆ ಹಿಡಿಯುವುದು ಯಾರು? ಹಾಗಾಗಿ ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್, ಅಂದರೆ ಕತ್ತಿನ ಬದಲು ಮೈಗೆ ತೊಡಿಸುವ ಪಟ್ಟಿ, ತಂದೆ. ಎಳೆದರೆ ಮೈ ನಮ್ಮ ಕಡೆಗೇ ತಿರುಗುತ್ತದೆ. ಲೀಷ್, ಅಂದರೆ ನಾಯಿಯನ್ನು ಹಿಡಿದು ನಡೆಸುವ ಹಗ್ಗ, ಆರಡಿಯದು. ಎಳೆದಷ್ಟೂ ಬಿಚ್ಚಿಕೊಳ್ಳುವ ಲೀಷ್ ಬೇಡವೇ ಬೇಡ. ಎಳೆದರೆ ದಾರಿ ಸಿಗುತ್ತೆ ಅಂತಲೇ ಅದು ಕಲಿಸುತ್ತದೆ.

ಪಾಠ ಶುರುವಾಗಿದ್ದು ಮನೆಯ ಹಾಲ್‌ನಲ್ಲಿ. ಲೀಷ್ ಸಡಿಲವಾಗಿ ಇದ್ದಾಗೆಲ್ಲ ಬೇಯಿಸಿದ ಕೋಳಿಯ ಸಣ್ಣ ಚೂರು ಕೊಡುತ್ತಿದ್ದೆ. ಉಪ್ಪು, ಈರುಳ್ಳಿ ಏನೂ ಹಾಕುತ್ತಿರಲಿಲ್ಲ. ಚೂರನ್ನು ಯಾವಾಗಲೂ ನನ್ನ ಎಡತೊಡೆಯ ಪಕ್ಕದಲ್ಲೇ ಕೊಡುತ್ತಿದ್ದೆ. ಕೈ ಮುಂದೆ ಚಾಚಿ ಕೊಟ್ಟರೆ ನಾಯಿ ಮುಂದೆಯೇ ನಡೆಯುತ್ತದೆ. ಆಮೇಲೆ ಗೇಟಿನೊಳಗೆ, ಆಮೇಲೆ ಖಾಲಿ ಬೀದಿ. ಎಳೆದರೆ ಸುಮ್ನೆ ನಿಲ್ಲುತ್ತಿದ್ದೆ. ನಾವೂ ಹಿಂದಕ್ಕೆ ಜಗ್ಗಿದರೆ ಅದು ಇನ್ನೂ ಜೋರಾಗಿ ಎಳೆಯುತ್ತದೆ. ತಾನಾಗಿ ಸಡಿಲ ಮಾಡಿದ ಕೂಡಲೇ ಮತ್ತೆ ನಡಿಗೆ.

ನಿಜವಾದ ಕೆಲಸ ಇದ್ದದ್ದು ಬೆಕ್ಕು, ಅಳಿಲು ಕಂಡಾಗ. ಓಟಕ್ಕೆ ಮೊದಲು ಒಂದು ಕ್ಷಣ ಇರುತ್ತದೆ. ಬಾಯಿ ಮುಚ್ಚುತ್ತದೆ, ಕಿವಿ ನಿಮಿರುತ್ತದೆ, ಮೈ ಸೆಟೆಯುತ್ತದೆ. ಕರೆಯಬೇಕಾದ್ದು ಆಗಲೇ. ಓಡಲು ಶುರುವಾದ ಮೇಲೆ ಹೆಸರು ಕಿವಿಗೇ ಬೀಳುವುದಿಲ್ಲ. ‘ಚಿನ್ನಿ, ಬಾ’ ಅಂತ ಕರೆದು ನಾನೇ ಬೇರೆ ದಿಕ್ಕಿಗೆ ತಿರುಗುತ್ತಿದ್ದೆ. ಜೊತೆಗೆ ಬಂದರೆ ಒಂದಲ್ಲ, ನಾಲ್ಕೈದು ಚೂರು. ಮೊದಮೊದಲು ಬೆಕ್ಕು ಬೀದಿಯ ಆ ತುದಿಯಲ್ಲಿ ಇದ್ದರೆ ಮಾತ್ರ ತಿರುಗುತ್ತಿದ್ದಳು. ಆ ದೂರ ಮೆಲ್ಲಗೆ ಕಡಿಮೆಯಾಯಿತು.

ಇನ್ನೊಂದು ಮಾತು. ಈ ತಳಿಗೆ ಬರೀ ನಡಿಗೆ ಸಾಲದು. ಪರಿಚಯದವರ ಬೇಲಿ ಹಾಕಿದ ತೋಟದಲ್ಲಿ ಮೊದಲು ಓಡಿಸಿ, ನೀರು ಕುಡಿಸಿ, ಆಮೇಲೆ ಬೀದಿಗೆ ಕರೆದುಕೊಂಡು ಹೋದರೆ ಪಾಠ ಬೇಗ ಹತ್ತುತ್ತದೆ. ಬೇಸಿಗೆಯಲ್ಲಿ ಇದೆಲ್ಲ ಬಿಸಿಲೇರುವ ಮುಂಚೆಯೇ ಮುಗಿಯಬೇಕು, ಕಾದ ಡಾಂಬರು ಪಾದ ಸುಡುತ್ತದೆ.

ಈಗ ಚಿನ್ನಿ ತರಕಾರಿ ಅಂಗಡಿಯವರೆಗೂ ಸಡಿಲ ಲೀಷ್‌ನಲ್ಲೇ ಬರುತ್ತಾಳೆ. ಕಾಲಬುಡದಲ್ಲೇ ಅಳಿಲು ಓಡಿದರೆ ಮಾತ್ರ ಎಳೆಯುತ್ತಾಳೆ. ಅದಕ್ಕೇ ಬೇಲಿಯಿಲ್ಲದ ಜಾಗದಲ್ಲಿ ಲೀಷ್ ಬಿಚ್ಚುವುದಿಲ್ಲ.