ಸಣ್ಣ ಹಿಡುವಳಿಗೆ ಸರಕಾರಿ ಸವಲತ್ತು: ಪಹಣಿಯಿಂದ ಶುರು ಮಾಡಿ

ಉಡುಪಿ ಕಡೆ ಸಣ್ಣ ರೈತರಿಗೆ ಸವಲತ್ತು ಹೆಚ್ಚಾಗಿ ಕೈತಪ್ಪುವುದು ಪಹಣಿಯಲ್ಲೇ, ಅಂದರೆ ಜಾಗದ ಆರ್‌ಟಿಸಿಯಲ್ಲೇ. 5 ಎಕರೆಯವರಿಗೂ 50 ಸೆಂಟ್ಸಿನವರಿಗೂ (ಅರ್ಧ ಎಕರೆ) ಬೇಕಾದ ದಾಖಲೆ ಒಂದೇ, ಓಡಾಟವೂ ಅಷ್ಟೇ. ಬರುವ ಹಣ ಮಾತ್ರ ಹೆಚ್ಚಿನ ಯೋಜನೆಗಳಲ್ಲಿ ಜಾಗದ ಲೆಕ್ಕದಲ್ಲಿ. ಹಾಗಾಗಿ ಕಾಗದಪತ್ರದ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಒಮ್ಮೆಗೆ ಮುಗಿಸಿಬಿಡಬೇಕು.

ಬೇಸಗೆಯಲ್ಲಿ ಎಲ್ಲ ಸರ್ವೆ ನಂಬರಿನ ಪಹಣಿ ತೆಗೆಸಿ ನಾನು ಮೊದಲು ನೋಡುವುದು ಮಾಲೀಕರ ಹೆಸರಿರುವ 9ನೇ ಕಲಂ. ಅಲ್ಲಿರುವ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ತಾಳೆಯಾಗಬೇಕು. ತೀರಿಹೋದ ಹಿರಿಯರ ಹೆಸರು ಹಾಗೇ ಉಳಿದಿದ್ದರೆ ಮೊದಲು ವಾರಸುದಾರರ ಹೆಸರಿಗೆ ಪೌತಿ ಖಾತೆ, ಆಮೇಲೆ ಉಳಿದದ್ದು. ಜಂಟಿ ಖಾತೆಯಾದರೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆ ಪತ್ರ ಮಾಡಿಸಿಟ್ಟುಕೊಳ್ಳಿ. ಪರವೂರಲ್ಲಿ ಇರುವವರ ಸಹಿ ಕೊನೇ ದಿನ ಸಿಗುವುದಿಲ್ಲ. ಸ್ವಂತ ಜಾಗಕ್ಕೆ ತಾಗಿಕೊಂಡ ಕುಮ್ಕಿಯಲ್ಲಿ ಎಷ್ಟೇ ಅಡಿಕೆ ಮರ ಇರಲಿ, ಅದು ಸರಕಾರಿ ಜಾಗ, ಅರ್ಜಿಗೆ ಸೇರದು. ವರ್ಗ ಜಾಗದ, ಅಂದರೆ ಪಟ್ಟಾ ಇರುವ ಸ್ವಂತ ಜಾಗದ, ವಿಸ್ತೀರ್ಣವನ್ನೇ ಹಿಡಿಯಬೇಕು.

ಬಳಿಕ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿಗೆ (ಸರಕಾರದ ರೈತ ನೋಂದಣಿ ಸಂಖ್ಯೆ) ಒಂದೂ ಬಿಡದಂತೆ ಸರ್ವೆ ನಂಬರ್ ಸೇರಿಸುವುದು. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, 2,000ದಂತೆ ಮೂರು ಕಂತು, ನಿಂತುಹೋಗಿದ್ದರೆ ಇ-ಕೆವೈಸಿ ಮತ್ತು ಬ್ಯಾಂಕ್ ಖಾತೆಯ ಆಧಾರ್ ಜೋಡಣೆ ಎರಡನ್ನೂ ನೋಡಿ.

ಅಡಿಕೆಯ ಹವಾಮಾನ ಆಧಾರಿತ ವಿಮೆಯನ್ನು ಸಣ್ಣವರು ಬಿಡಲೇಬಾರದು. ನಾನು ಕಟ್ಟಿದ ಲೆಕ್ಕ: ಹೆಕ್ಟೇರಿಗೆ ವಿಮಾ ಮೊತ್ತ 1,28,000, ರೈತರ ಪಾಲು ಶೇ. 5, ಅಂದರೆ 6,400 ರೂಪಾಯಿ. 50 ಸೆಂಟ್ಸಿಗೆ ಸುಮಾರು 1,300 ಬೀಳುತ್ತದೆ. ಇಲ್ಲಿ ಪರಿಹಾರ ತೀರ್ಮಾನವಾಗುವುದು ಪಂಚಾಯತ್ ಮಟ್ಟದ ಮಳೆಮಾಪಕದ ಅಂಕಿಯಿಂದ. ಕೊಳೆರೋಗಕ್ಕೆ ಉದುರಿದ ಕಾಯಿಯ ಫೋಟೋ ತೆಗೆದಿಟ್ಟರೂ ಉಪಯೋಗವಿಲ್ಲ, ತೋಟ ನೋಡಲು ಯಾರೂ ಬರುವುದಿಲ್ಲ. ವಿಮೆ ಇದೆಯೆಂದು ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ ತಪ್ಪಿಸುವಂತೆಯೂ ಇಲ್ಲ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಮಳೆ ಜೋರಾಗುವ ಮೊದಲೇ.

ವಿಮೆ ಸಿಕ್ಕಿಕೊಳ್ಳುವುದು ಬೆಳೆ ಸಮೀಕ್ಷೆಯಲ್ಲಿ. ತೆಂಗು, ಅಡಿಕೆ, ಕಾಳುಮೆಣಸು ಬೆರೆತ ತೋಟಕ್ಕೆ ತೆಂಗು ಎಂದಷ್ಟೇ ದಾಖಲಾಗಿದ್ದರೆ, ಅಥವಾ 50 ಸೆಂಟ್ಸಿಗೆ ವಿಮೆ ಕಟ್ಟಿ ಸಮೀಕ್ಷೆಯಲ್ಲಿ ಅಡಿಕೆ 20 ಸೆಂಟ್ಸ್ ಎಂದಿದ್ದರೆ, ಪರಿಹಾರಕ್ಕೆ ತಡೆ ಬೀಳುತ್ತದೆ. ರೈತರೇ ಆ್ಯಪ್‌ನಲ್ಲಿ ಫೋಟೋ ಸಮೇತ ಬೆಳೆ ಹಾಕಲು ಅವಕಾಶ ಇದೆ. ನಾನು ಅದನ್ನು ಬೇರೆಯವರಿಗೆ ಬಿಡುವುದಿಲ್ಲ.

ಸಹಕಾರಿ ಸಂಘದ ಶೂನ್ಯ ಬಡ್ಡಿ ಬೆಳೆಸಾಲದ ಮಿತಿ 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ವಾಯಿದೆ ಮೀರಿದರೆ ಆ ಸವಲತ್ತು ಹೋಗಿ ಬಡ್ಡಿ ಬೀಳುತ್ತದೆ.

ಯಂತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಕೇಂದ್ರದ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ, ಅತಿಸಣ್ಣ ರೈತರಿಗೆ ಶೇ. 50, ದೊಡ್ಡವರಿಗೆ ಶೇ. 40 ಸಹಾಯಧನ ಇದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಅದನ್ನು ಧಾರಾಳ ಬಳಸಿ, ವರ್ಷವಿಡೀ ಕೆಲಸ ಇದೆ. ಎರಡು ಎಕರೆ ಗದ್ದೆಗೆ ನಾಟಿ ಯಂತ್ರ ಕೊಳ್ಳುವುದು ತರವಲ್ಲ. ಒಂದೆರಡು ದಿನ ಓಡಿ, ಉಳಿದ ದಿನ ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಸರಕಾರದ ಯಂತ್ರ ಬಾಡಿಗೆ ಕೇಂದ್ರವಾದ ಕೃಷಿ ಯಂತ್ರಧಾರೆಯ ಬಾಡಿಗೆಯೇ ಸರಿ.

ಬಾಡಿಗೆ ಯಂತ್ರಕ್ಕೆ ಚಾಪೆ ನೇಜಿ, ಅಂದರೆ ಚಾಪೆಯಂತೆ ಬೆಳೆಸಿದ ಭತ್ತದ ಸಸಿ, ತಯಾರಿರಬೇಕು. ಟ್ರೇಯಲ್ಲಿ ಜರಡಿ ಹಿಡಿದ ಮಣ್ಣು ಮುಕ್ಕಾಲು ಇಂಚು, ಮೊಳಕೆ ಬಂದ ಬೀಜ ಒತ್ತಾಗಿ, ಸಮನಾಗಿ. ಕಲ್ಲು ಉಳಿದರೆ ಯಂತ್ರದ ಬೆರಳು ಬಾಗುತ್ತದೆ, ಬೀಜ ವಿರಳವಾದರೆ ಸಾಲಿನಲ್ಲಿ ಖಾಲಿ ಬೀಳುತ್ತದೆ. 15ರಿಂದ 18 ದಿನದ ನೇಜಿ ಸರಿ. ಅದು ಮೀರಿದರೆ ಬೇರು ಹೆಣೆದುಕೊಂಡು ಸಸಿ ಬಿಡಿಸಿ ಬರುವುದಿಲ್ಲ. ಉತ್ತ ಕೆಸರು ಒಂದೆರಡು ದಿನ ತಳ ಹಿಡಿಯಲಿ, ಇಲ್ಲವಾದರೆ ನೆಟ್ಟದ್ದು ಹೂತುಹೋಗುತ್ತದೆ.

ಬೈಲಿನ (ಒಟ್ಟಿಗಿರುವ ಗದ್ದೆಗಳ ಬಯಲು) ನಡುವಿನ ಗದ್ದೆಗೆ ಯಂತ್ರ ಹೋಗಬೇಕಾದರೆ ಪಕ್ಕದವರ ಗದ್ದೆ ದಾಟಬೇಕು. ಅವರು ಮೊದಲೇ ನೆಟ್ಟಿದ್ದರೆ ದಾರಿ ಮುಚ್ಚಿತು. ಅದಕ್ಕೇ ಬೀಜ ನೆನೆಹಾಕುವ ದಿನವನ್ನೇ ಬೈಲಿನವರೆಲ್ಲ ಕೂಡಿ ಗೊತ್ತುಮಾಡಿ, ಒಳಗಿನ ಗದ್ದೆಯಿಂದ ನಾಟಿ ಶುರು ಮಾಡಿ ರಸ್ತೆ ಬದಿಗೆ ಬರುವುದು.