ಕೆಂಪು ನೆಲದ ರಿಪೇರಿ: ಕರಣೆ ಹಿಡಿಯುವ ಮೊದಲಿನ ಕೆಲಸ

ನಮ್ಮದು ಮೈಸೂರಿನಲ್ಲಿ ಹಳೇ ಮನೆ. ಮಾವನವರು 1964ರಲ್ಲಿ ಕಟ್ಟಿಸಿದ್ದು. ನಡುಮನೆಗೆ ರೆಡ್ ಆಕ್ಸೈಡ್ ನೆಲ, ಗೋಡೆಯಂಚಿಗೆ ಒಂದು ಗೇಣಿನ ಕಪ್ಪು ಪಟ್ಟಿ. ಏಪ್ರಿಲ್ ಬಿಸಿಲಲ್ಲಿ ಆ ನೆಲದ ಮೇಲೆ ಬರೀ ಮೈಯಲ್ಲಿ ಮಲಗಿ ನನ್ನ ಮಕ್ಕಳು ಬೆಳೆದರು. ಹಾಗಾಗಿ ನೆಲ ಸವೆದು ಬಿರುಕು ಬಿಟ್ಟಾಗ ನೆಂಟರೆಲ್ಲ "ಟೈಲ್ಸ್ ಹಾಕಿಸಿಬಿಡಿ" ಎಂದರೂ ನನಗೆ ಮನಸ್ಸು ಬರಲಿಲ್ಲ.

ಮೊದಲ ಸಲ ರಿಪೇರಿ ಮಾಡಿಸಿದ್ದು ಆರು ವರ್ಷದ ಹಿಂದೆ. ಬಂದವರು ಬೆಳಗ್ಗೆ ನೆಲ ಗುಡಿಸಿದರು, ನೀರು ಚಿಮುಕಿಸಿದರು, ಸಿಮೆಂಟಿಗೆ ಕೆಂಪು ಪುಡಿ ಕಲಸಿ ತೆಳ್ಳಗೆ ಎಳೆದರು. ಸಂಜೆಗೆ ನೆಲ ಮದುವೆ ಮನೆಯ ಹಾಗೆ ಹೊಳೆಯುತ್ತಿತ್ತು. ಒಂದು ಮಳೆಗಾಲ ಕಳೆಯಿತು. ಒಂದು ದಿನ ಮಂಚ ಎಳೆದಾಗ ಅದರ ಕಾಲು ತಾಗಿ ಒಂದು ಮೂಲೆ ಎದ್ದಿತು. ಕೈ ಹಾಕಿದರೆ, ಕಾವಲಿಯಿಂದ ದೋಸೆ ಏಳುವ ಹಾಗೆ ಮೊರದಗಲ ಪದರ ಪೂರ್ತಿ ಎದ್ದು ಬಂತು. ತಿರುಗಿಸಿ ನೋಡಿದೆ. ಅಡಿಭಾಗ ಗಾಜಿನಷ್ಟು ನುಣ್ಣಗಿತ್ತು. ಹಳೇ ನೆಲಕ್ಕೆ ಅದು ಅಂಟಿಯೇ ಇರಲಿಲ್ಲ. ಐವತ್ತು ವರ್ಷ ತೆಂಗಿನೆಣ್ಣೆ, ಮೇಣದ ಪಾಲಿಶ್ ಕುಡಿದ ನೆಲ ಅದು. ಹೊಸ ಸಿಮೆಂಟ್ ಹಿಡಿಯುವುದಾದರೂ ಹೇಗೆ?

ಕಳೆದ ವರ್ಷ ಜನವರಿಯಲ್ಲಿ ಪೂರ್ತಿ ನಡುಮನೆ ಮಾಡಿಸೋಣ ಎಂದು ಹೊರಟಾಗ ಒಂದು ತೀರ್ಮಾನ ಮಾಡಿದೆ. ಕರಣೆ ಎಳೆಯುವುದು ಮೇಸ್ತ್ರಿಯ ಕೆಲಸ. ಅದಕ್ಕೆ ನೆಲ ಸಿದ್ಧ ಮಾಡುವ ಕೆಲಸದಲ್ಲಿ ನಾನು ಕೊನೆಯವರೆಗೂ ಜೊತೆಗಿರುತ್ತೇನೆ, ನನ್ನ ಕೈಯಲ್ಲಾಗುವುದನ್ನು ನಾನೇ ಮಾಡುತ್ತೇನೆ.

ಮೊದಲು ಮಾಡಿದ್ದು ನೆಲ ತಟ್ಟಿ ನೋಡುವುದು. ಸಾಮಾನೆಲ್ಲ ಹೊರಗೆ ಹಾಕಿ, ಫ್ಯಾನ್, ಟಿವಿ ಆರಿಸಿ, ಒಂದು ಮೊಳದ ಕಬ್ಬಿಣದ ಸರಳು ಹಿಡಿದು ಅರ್ಧರ್ಧ ಅಡಿಗೆ ತಟ್ಟುತ್ತಾ ಹೋದೆ. ಗಟ್ಟಿ ಇರುವ ಕಡೆ "ಟಣ್" ಎನ್ನುತ್ತದೆ. ಪದರ ಅಡಿಯಿಂದ ಬಿಟ್ಟುಕೊಂಡಿದ್ದರೆ "ಡೊಬ್" ಎನ್ನುತ್ತದೆ. ಅನುಮಾನದ ಜಾಗಗಳೇ ಕಷ್ಟ. ಅತ್ತೆಗೆ ಎಂಬತ್ತೆರಡು ವರ್ಷ, ಕಣ್ಣು ಮಂಜು, ಆದರೆ ಕಿವಿ ಚೆನ್ನಾಗಿದೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, "ಅಲ್ಲಿ ಇನ್ನೊಂದು ಸಲ ತಟ್ಟಮ್ಮಾ, ಅದು ಟೊಳ್ಳು" ಎನ್ನುತ್ತಿದ್ದರು. ಟೊಳ್ಳಿದ್ದ ಕಡೆಯೆಲ್ಲ ಚಾಕ್‌ಪೀಸಿನಲ್ಲಿ ಸುತ್ತು ಹಾಕಿದೆ. ಕೊನೆಗೆ ಎದ್ದು ನಿಂತು ನೋಡಿದರೆ ಕಾಲು ಭಾಗ ನೆಲ ಸುತ್ತಿನೊಳಗಿತ್ತು. ಕಣ್ಣಿಗೆ ಕಾಣುತ್ತಿದ್ದ ಬಿರುಕು ಅದರ ಅರ್ಧವೂ ಇರಲಿಲ್ಲ.

ಅದೇ ರಾತ್ರಿ ಇನ್ನೊಂದು ಪರೀಕ್ಷೆ, ನೆಲದಡಿಯಿಂದ ತೇವ ಏರುತ್ತಿದೆಯೇ ಎಂದು ನೋಡಲು. ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಗಳನ್ನು ಮೂರು ಕಡೆ ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಬಿಟ್ಟೆ. ಕಡಿಮೆಯೆಂದರೆ 16 ಗಂಟೆ ಬಿಡಬೇಕು. ಮಾರನೇ ದಿನ ತೆಗೆದರೆ ಎರಡು ಒಣಗಿದ್ದವು. ಬಚ್ಚಲುಮನೆ ಗೋಡೆ ಪಕ್ಕದ ಹಾಳೆಯ ಒಳಗೆ ಮಾತ್ರ ನೀರಿನ ಹನಿ ಕಟ್ಟಿತ್ತು. ಪ್ಲಂಬರ್ ಬಂದು ನೋಡಿದಾಗ ಬಚ್ಚಲ ಪೈಪಿನ ಒಂದು ಜಾಯಿಂಟ್ ಸೋರುತ್ತಿತ್ತು. ಅದನ್ನು ಸರಿಮಾಡಿಸಿ ಮೂರು ವಾರ ನೆಲ ಒಣಗಲು ಬಿಟ್ಟೆವು. ಮೇಸ್ತ್ರಿ ಬೇರೆ ಕೆಲಸಕ್ಕೆ ಹೋದರು, ಮನೆಯಲ್ಲಿ ಎಲ್ಲರಿಗೂ ಬೇಜಾರು. ಆದರೆ ಸೋರುವ ಪೈಪಿನ ಮೇಲೆ ಹೊಸ ನೆಲ ಮುಚ್ಚಿದ್ದರೆ ಅದು ಮತ್ತೆ ಏಳುತ್ತಿತ್ತು.

ಆಮೇಲೆ ಎಣ್ಣೆ, ಮೇಣ ತೆಗೆಯುವ ಕೆಲಸ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇಲ್ಲೇ ಜನ ಪೆಟ್ಟು ತಿನ್ನುತ್ತಾರೆ. ಯಾರನ್ನು ಕೇಳಿದರೂ "ಆಸಿಡ್ ಹಾಕಿ ಉಜ್ಜಿ" ಎಂದೇ ಹೇಳಿದರು. ನಾನು ಒಪ್ಪಲಿಲ್ಲ.

ಅದಕ್ಕೆ ಕಾರಣ ಇದೆ. ನನ್ನ ತವರಿನಲ್ಲಿ ಬಚ್ಚಲು ರಿಪೇರಿಗೆ ಮುಂಚೆ ಹೀಗೇ ಒಬ್ಬ ಹುಡುಗ ಆಸಿಡ್ ಸುರಿದ. ಕಲೆ ಹೋಗಲಿಲ್ಲ. ತೊಳೆಯದೆ ಅದರ ಮೇಲೇ ಬ್ಲೀಚಿಂಗ್ ಪುಡಿ ಎರಚಿದ. ಎರಡು ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಹಳದಿ ಹಸಿರು ಹೊಗೆ ಎದ್ದಿತು. ಮೂಗು, ಗಂಟಲು, ಕಣ್ಣು ಒಟ್ಟಿಗೇ ಉರಿ. ಬಚ್ಚಲಿಗೆ ಒಂದೇ ಸಣ್ಣ ಕಿಟಕಿ. ಅವನು ಬಗ್ಗಿ ಕೂತಿದ್ದರಿಂದ ಏಳಲು ಆಗಲಿಲ್ಲ. ಈ ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಅಣ್ಣ ಉಸಿರು ಬಿಗಿಹಿಡಿದು ಒಳಗೆ ಹೋಗಿ ಎಳೆದು ತಂದ. ಅಣ್ಣನೂ ಹಾಗೆ ನುಗ್ಗಬಾರದಿತ್ತು, ಈಗ ಗೊತ್ತು. ಆ ಹುಡುಗನಿಗೆ ಆಸ್ಪತ್ರೆಯಲ್ಲಿ ಅರ್ಧ ದಿನ ಆಕ್ಸಿಜನ್ ಕೊಟ್ಟರು. ಇಪ್ಪತ್ತು ವರ್ಷವೂ ಆಗಿರಲಿಲ್ಲ ಅವನಿಗೆ. ಅವನ ಮುಖ ನಾನು ಮರೆತಿಲ್ಲ.

ಅದನ್ನು ಬಿಟ್ಟರೂ, ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ. ಗಟ್ಟಿ ಇದ್ದ ನೆಲದ ಮೇಲ್ಪದರ ಪುಡಿಪುಡಿಯಾಗುತ್ತದೆ. ಸರಿಯಾಗಿ ತೊಳೆಯದಿದ್ದರೆ ಸಂದಿಯಲ್ಲಿ ಉಳಿದದ್ದು ಹೊಸ ಗಾರೆಯನ್ನೂ ಕೆಡಿಸುತ್ತದೆ. ಮೇಣವನ್ನಂತೂ ಅದು ಕರಗಿಸುವುದೂ ಇಲ್ಲ.

ನಾನು ಬಳಸಿದ್ದು ಬಿಸಿನೀರು ಮತ್ತು ಬಟ್ಟೆ ಒಗೆಯುವ ಸೋಡಾ. ಒಂದು ಬಕೆಟ್ ಬಿಸಿನೀರಿಗೆ ಎರಡು ಹಿಡಿ. ನಾಲ್ಕಡಿ ಚೌಕದಷ್ಟು ಜಾಗಕ್ಕೆ ಮಾತ್ರ ಹಾಕಿ, ಹತ್ತು ನಿಮಿಷ ಬಿಟ್ಟು, ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಕಂದು ಬಣ್ಣದ ಕೊಳೆನೀರನ್ನು ಬಟ್ಟೆಯಲ್ಲಿ ಎತ್ತಿ ಹಿಂಡಬೇಕು. ಅಲ್ಲೇ ಒಣಗಲು ಬಿಟ್ಟರೆ ಎಣ್ಣೆ ಮತ್ತೆ ನೆಲಕ್ಕೇ ಹೋಗುತ್ತದೆ. ಸೋಡಾ ನೀರೂ ಕೈ ಸುಡುತ್ತದೆ, ರಬ್ಬರ್ ಗ್ಲೌಸ್ ಬೇಕೇ ಬೇಕು. ನೆಲ ವಿಪರೀತ ಜಾರುತ್ತದೆ, ಆ ಹೊತ್ತಿನಲ್ಲಿ ವಯಸ್ಸಾದವರು, ಮಕ್ಕಳು ಒಳಗೆ ಬರಬಾರದು. ಎರಡು ಸಲ ಬರೀ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡುತ್ತಿದ್ದೆ. ಕೆಸುವಿನೆಲೆ ಮೇಲೆ ನಿಂತ ಹಾಗೆ ಹನಿ ಗುಂಡಗೆ ನಿಂತರೆ ಎಣ್ಣೆ ಇನ್ನೂ ಇದೆ. ನೆಲ ಹನಿಯನ್ನು ಕುಡಿದು ಬಣ್ಣ ಗಾಢವಾದರೆ ಸರಿ. ದೇವರಮನೆ ಬಾಗಿಲ ಮುಂದೆ ದೀಪದೆಣ್ಣೆ ಇಳಿದಿತ್ತು, ಅಲ್ಲಿ ಐದು ಸಲ ಉಜ್ಜಿದರೂ ಹೋಗಲಿಲ್ಲ. ಅಷ್ಟು ಜಾಗವನ್ನು ಕಿತ್ತೇ ಹಾಕಿದೆವು.

ಕೀಳುವ ಕೆಲಸಕ್ಕೆ ಮೇಸ್ತ್ರಿ ಮತ್ತು ಅವರ ಜೊತೆಯ ಇಬ್ಬರು ಬಂದರು. ಉಳಿ ಇಡುವ ಮೊದಲು ಅತ್ತೆಯನ್ನು ಒಂದು ಮಾತು ಕೇಳಿದೆ, ನೆಲದೊಳಗೆ ಏನಾದರೂ ಹೋಗಿದೆಯಾ ಅಂತ. ಬೋರ್‌ವೆಲ್ ಪಂಪ್ ಹಾಕಿಸಿದಾಗ ಹಿತ್ತಲ ಬಾಗಿಲ ಹತ್ತಿರ ನೆಲದಲ್ಲೇ ವೈರ್ ಎಳೆದಿದ್ದನ್ನು ಅವರು ನೆನಪಿಸಿಕೊಂಡರು. ಎಲೆಕ್ಟ್ರಿಷಿಯನ್ ಬಂದು ಆ ಲೈನ್ ಕಡಿದು, ಟೆಸ್ಟರ್ ಇಟ್ಟು ಖಚಿತ ಮಾಡಿದ ಮೇಲೆಯೇ ಅಲ್ಲಿ ಸುತ್ತಿಗೆ ಬಿದ್ದಿದ್ದು. ಹಳೇ ಮನೆಗೆ ನಕ್ಷೆ ಇರುವುದಿಲ್ಲ. ಮನೆಯ ಹಿರಿಯರನ್ನು ಕೇಳಲೇಬೇಕು.

ಮೇಸ್ತ್ರಿ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಗ್ರೈಂಡರ್ ಎತ್ತಿದರು. ನಾನು ತಡೆದೆ.

"ಇಪ್ಪತ್ತು ವರ್ಷದಿಂದ ಹಿಂಗೇ ಮಾಡ್ತಾ ಇದೀನಿ ಅಕ್ಕಾ, ಏನೂ ಆಗಿಲ್ಲ" ಎಂದರು.

"ಮೇಸ್ತ್ರಿಗಳೇ, ಮೆಟ್ಟಿಲು ಹತ್ತುವಾಗ ಏದುಸಿರು ಬರಲ್ವಾ?" ಎಂದು ಕೇಳಿದೆ. ಅವರು ಸುಮ್ಮನಾದರು.

ಗಾರೆಯಲ್ಲಿ ಮರಳಿದೆ, ಮರಳಿನಲ್ಲಿ ಸಿಲಿಕಾ ಇದೆ. ಒಣ ನೆಲಕ್ಕೆ ಗ್ರೈಂಡರ್ ಹಿಡಿದಾಗ ಕಣ್ಣಿಗೆ ಕಾಣುವ ಮೋಡಕ್ಕಿಂತ ಕಾಣದ ನುಣುಪು ದೂಳೇ ಅಪಾಯ. ಅದು ಬಟ್ಟೆಯ ನೂಲಿನ ಸಂದಿಯಲ್ಲಿ ಸಲೀಸಾಗಿ ನುಗ್ಗಿ ಶ್ವಾಸಕೋಶದ ತಳ ಮುಟ್ಟುತ್ತದೆ, ಅಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಆದ ಮೇಲೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬರಬಹುದು. ಒಮ್ಮೆ ಬಂದರೆ ವಾಸಿ ಮಾಡುವ ಮದ್ದಿಲ್ಲ. ನಮ್ಮ ದೇಶದಲ್ಲಿ ಈ ರೋಗ ಮೊದಲು ವರದಿಯಾಗಿದ್ದು 1934ರಲ್ಲಿ, ಅದೂ ಆಗಿನ ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಯಲ್ಲಿ. ಗಣಿ ಕೆಲಸಗಾರರ ಕಾಯಿಲೆ ಎಂದು ನಾವು ಅಂದುಕೊಂಡಿರುತ್ತೇವೆ. ನೆಲ ಕೊರೆಯುವವರ ಎದೆಗೂ ಹೋಗುವುದು ಅದೇ ಕಲ್ಲಿನ ದೂಳು. ಒಂದು ದಿನದ ಕೆಲಸದಲ್ಲಿ ನನಗೇನೂ ಆಗದೇ ಇರಬಹುದು. ಆದರೆ ಅವರು ದಿನಾ ಇದೇ ಕೆಲಸ ಮಾಡುತ್ತಾರೆ, ಅಲ್ವಾ?

ಹಾಗಾಗಿ ಹೀಗೆ ಮಾಡಿದೆವು. ಅತ್ತೆಯನ್ನು ಮೂರು ದಿನ ನಾದಿನಿ ಮನೆಗೆ ಕಳಿಸಿದೆ. ಅಡುಗೆಮನೆ, ರೂಮುಗಳ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಟೇಪ್ ಹಚ್ಚಿದೆವು. ಕಿಟಕಿ ತೆರೆದು ಫ್ಯಾನ್ ಬಂದ್. ಟೊಳ್ಳು ಪದರವನ್ನು ಆದಷ್ಟೂ ಉಳಿ ಸುತ್ತಿಗೆಯಲ್ಲೇ ಎಬ್ಬಿಸಿದೆವು, ಒಬ್ಬರು ಪಕ್ಕದಲ್ಲಿ ಕೂತು ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ನೀರು ಸಿಂಪಡಿಸುತ್ತಿದ್ದರು. ಒದ್ದೆ ದೂಳು ಮೇಲೇಳುವುದಿಲ್ಲ. ಅಂಚು ನೇರ ಕತ್ತರಿಸಲು ಮಾತ್ರ ಗ್ರೈಂಡರ್. ಕರೆಂಟಿನ ಮಾಮೂಲಿ ಗ್ರೈಂಡರಿಗೆ ನೀರು ಹಾಕಿದರೆ ಶಾಕ್ ಹೊಡೆಯುತ್ತದೆ. ಅದಕ್ಕೇ ಆ ಭಾಗ ಒರೆಸಿ ಒಣಗಿಸಿ, ಬ್ಲೇಡಿಗೆ ದೂಳು ಹಿಡಿಯುವ ಮುಚ್ಚಳ ಹಾಕಿ, ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಾಡಿಗೆಗೆ ತಂದು ಜೋಡಿಸಿದೆವು. ಮನೆಯಲ್ಲಿ ಬಳಸುವ ವ್ಯಾಕ್ಯೂಮ್ ಇದಕ್ಕೆ ಆಗುವುದಿಲ್ಲ, ಮುಂದೆ ಎಳೆದ ನುಣುಪು ದೂಳನ್ನು ಹಿಂದಿನಿಂದ ಮನೆಗೇ ಊದುತ್ತದೆ. ಎಲ್ಲರಿಗೂ ಎನ್95 ಮಾಸ್ಕ್, ಎರಡೂ ಪಟ್ಟಿ ತಲೆಯ ಹಿಂದೆ, ಮೂಗಿನ ತಂತಿ ಒತ್ತಿ. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ. ಹುಡುಗರಲ್ಲಿ ಒಬ್ಬ ಮಾರನೇ ದಿನ ತಾನಾಗಿಯೇ ಗಡ್ಡ ತೆಗೆಸಿಕೊಂಡು ಬಂದ, ನನಗೆ ತುಂಬಾ ಖುಷಿಯಾಯಿತು. ಕಣ್ಣಿಗೆ ಕನ್ನಡಕ. ಎರಡನೇ ದಿನವೇ ಒಂದು ಚಕ್ಕೆ ಹಾರಿ ನನ್ನ ಕನ್ನಡಕಕ್ಕೆ ಬಡಿದು ಗೀರು ಬಿತ್ತು.

ಸಂಜೆ ಪೊರಕೆಯಲ್ಲಿ ಒಣಗುಡಿಸಲು ಬಿಡಲಿಲ್ಲ. ಮರದ ಮಿಲ್ಲಿನಿಂದ ತಂದ ಹೊಟ್ಟನ್ನು ಒದ್ದೆ ಮಾಡಿ ಚೆಲ್ಲಿ, ಅದರ ಜೊತೆ ಗುಡಿಸಿದೆವು. ಬಟ್ಟೆ ಹಿತ್ತಲಲ್ಲೇ ಬದಲಿಸಿ ಬೇರೆ ನೆನೆಹಾಕಿದೆವು.

ಕಿತ್ತ ಗುಂಡಿಗಳ ಅಂಚನ್ನು ಇಳಿಜಾರಾಗಿ ಬಿಡಬಾರದು. ತೆಳುವಾದ ಅಂಚು ಮೊದಲು ಒಡೆಯುತ್ತದೆ. ಒಂದಂಗುಲ ಆಳಕ್ಕೆ ನೇರವಾಗಿ ಕಡಿಸಿದೆವು. ಅಡಿಯಲ್ಲಿದ್ದದ್ದು ಇಟ್ಟಿಗೆ ಜಲ್ಲಿ, ಸುಣ್ಣದ ಗಾರೆ. ಬೆರಳಲ್ಲಿ ಕೆರೆದರೆ ಉದುರುವುದನ್ನೆಲ್ಲ ಗಟ್ಟಿ ಸಿಗುವವರೆಗೆ ತೆಗೆದೆವು. ಉಳಿದ ಗಟ್ಟಿ ನೆಲಕ್ಕೆ ಎರಡೆರಡು ಅಂಗುಲಕ್ಕೆ ಕಚ್ಚು ಹೊಡೆದೆವು, ಹೊಸ ಗಾರೆಗೆ ಹಿಡಿತ ಸಿಗಲಿ ಎಂದು. ಮೇಲೆ ಒಂದಂಗುಲ ಏರಿದರೂ ಹಳೇ ಹೊಸ್ತಿಲುಗಳು ಎತ್ತರ ಇದ್ದದ್ದರಿಂದ ತೊಂದರೆಯಾಗಲಿಲ್ಲ. ಹಿತ್ತಲ ಬಾಗಿಲೊಂದನ್ನು ಮಾತ್ರ ಬಡಗಿ ಕೆಳಗೆ ಹೆರೆದುಕೊಟ್ಟರು.

ಹಿಂದಿನ ರಾತ್ರಿ ನೆಲಕ್ಕೆಲ್ಲ ಒದ್ದೆ ಗೋಣಿಚೀಲ ಹಾಸಿದೆ. ಒಣ ನೆಲ ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ. ನೀರು ನಿಂತಿದ್ದರೂ ಹಿಡಿಯುವುದಿಲ್ಲ. ಬೆಳಗ್ಗೆ ಚೀಲ ತೆಗೆದು, ನಿಂತ ನೀರು ಒರೆಸಿ, ಮೇಲಿನ ಹೊಳಪು ಹೋಗುವವರೆಗೆ ಕಾದೆವು. ಆಮೇಲೆ ಸಿಮೆಂಟ್ ಹಾಲು, ಅಂದರೆ ನೀರಿನಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್. ಹತ್ತು ನಿಮಿಷದಲ್ಲಿ ಗಾರೆ ಮುಚ್ಚಲು ಆಗುವಷ್ಟು ಜಾಗಕ್ಕೆ ಮಾತ್ರ ಬಳಿಯಬೇಕು. ಅದು ಒಣಗಿದರೆ ಅಂಟಿನ ಬದಲು ಇನ್ನೊಂದು ಸಡಿಲ ಪದರವಾಗುತ್ತದೆ.

ಹಸಿ ಸಿಮೆಂಟಿನ ಬಗ್ಗೆಯೂ ಒಂದು ಮಾತು. ಅದರ ಸುಣ್ಣದ ಗುಣಕ್ಕೆ ಚರ್ಮ ಸುಡುತ್ತದೆ. ಸುಡುವಾಗ ಗೊತ್ತೇ ಆಗುವುದಿಲ್ಲ. ಪ್ಯಾಂಟು ನೆನೆದು ಮಂಡಿಗೆ ಅಂಟಿಕೊಂಡಿದ್ದರೆ ಸಂಜೆಗೆ ಗಾಯ. ಮಂಡಿ ಊರಲು ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಕೊಟ್ಟಿದ್ದೆ, ಗ್ಲೌಸ್ ಕೊಟ್ಟಿದ್ದೆ. ಮೇಸ್ತ್ರಿ ಕೊನೆಯ ನುಣುಪಿಗೆ ಗ್ಲೌಸ್ ತೆಗೆದೇ ಕೆಲಸ ಮಾಡಿದರು, ಕೈಗೆ ಹದ ತಿಳಿಯಬೇಕಂತೆ. ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಆಗಾಗ ಕೈ ತೊಳೆಯುವಂತೆ ನೋಡಿಕೊಂಡೆ.

ಹೊಸ ನೆಲಕ್ಕೆ ಮಣ್ಣಿನ ಕಟ್ಟೆ ಕಟ್ಟಿ ಹತ್ತು ದಿನ ನೀರು ನಿಲ್ಲಿಸಿದೆವು. ಈಗ ಒಂದು ಮಳೆಗಾಲ ಕಳೆದಿದೆ. ದೀಪಾವಳಿಗೆ ಮುಂಚೆ ಅದೇ ಸರಳು ಹಿಡಿದು ಮತ್ತೆ ಪೂರ್ತಿ ತಟ್ಟಿದೆ, ಅತ್ತೆ ಅದೇ ಕುರ್ಚಿಯಲ್ಲಿ ಕೂತು ಕೇಳಿದರು. ಬಚ್ಚಲ ಗೋಡೆ ಪಕ್ಕ ಅಂಗೈ ಅಗಲದ ಒಂದು ಜಾಗ ಬಿಟ್ಟರೆ ಎಲ್ಲ ಕಡೆ "ಟಣ್". ಆ ಒಂದು ಜಾಗಕ್ಕೆ ಚಾಕ್‌ಪೀಸಿನಲ್ಲಿ ಸುತ್ತು ಹಾಕಿಟ್ಟಿದ್ದೇನೆ. ಸುತ್ತು ದಾಟಿ ಬೆಳೆಯುತ್ತದೆಯೇ ಎಂದು ತಿಂಗಳಿಗೊಮ್ಮೆ ತಟ್ಟಿ ನೋಡುತ್ತೇನೆ.